ವಿಂಡೋಸ್ ಪಕ್ಕದಲ್ಲೇ ಲಿನಕ್ಸ್: ಇರೋ ಡೇಟಾ ಕಳ್ಕೊಳ್ಳದೆ ಡ್ಯುಯಲ್ ಬೂಟ್ ಮಾಡೋದು ಹೇಗೆ

ಲಿನಕ್ಸ್ ಇನ್‌ಸ್ಟಾಲ್ ಆಗೋಕೆ ಹಿಡಿಯೋದು ಹೆಚ್ಚಂದ್ರೆ 20-25 ನಿಮಿಷ. ಆದ್ರೆ ಡ್ಯುಯಲ್ ಬೂಟ್ (ಒಂದೇ ಮಷೀನ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್, ಅಂದ್ರೆ ಓಎಸ್, ಇಟ್ಕೊಂಡು ಆನ್ ಮಾಡಿದಾಗ ಬೇಕಾದ್ದನ್ನ ಆರಿಸ್ಕೊಳ್ಳೋದು) ಮಾಡೋಕೆ ಹೋಗಿ ಕೈ ಸುಟ್ಕೊಂಡವ್ರನ್ನ ಕೇಳಿ ನೋಡಿ, ಎಡವಟ್ಟಾಗಿರೋದು ಆ 20 ನಿಮಿಷದಲ್ಲಲ್ಲ, ಅದಕ್ಕೂ ಮುಂಚೆ ವಿಂಡೋಸ್ ಒಳಗೆ ಕೂತು ಮಾಡ್ಬೇಕಾಗಿದ್ದ ನಾಲ್ಕು ಚಿಲ್ಲರೆ ಕೆಲಸ ಬಿಟ್ಟಿದ್ರಿಂದ. ಅದಕ್ಕೇ ಇಲ್ಲಿ ಆ ತಯಾರಿ ಬಗ್ಗೆನೇ ಜಾಸ್ತಿ ಬರ್ದಿದೀನಿ, ಇನ್‌ಸ್ಟಾಲರ್‌ನಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ತೋದನ್ನ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, ವಿಂಡೋಸ್ 11 ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು ಅನ್ನತ್ತೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲ, ಹಂಗಾಗಿ ಈ ಕಡೆ ಬಂದವ್ರು ತುಂಬಾ ಜನ ಇದೀರಿ ಅಂತ ಗೊತ್ತು. ಹೊಸ ಮಷೀನ್ ಇದ್ದೂ ಲಿನಕ್ಸ್ ಕಲೀಬೇಕು ಅನ್ನೋರೂ ಇದೀರಿ. ಇಬ್ಬರಿಗೂ ದಾರಿ ಒಂದೇ.

ಒಂದು ಮಾತು ಮೊದಲೇ. ವಿಂಡೋಸ್ ಮೊದ್ಲು, ಲಿನಕ್ಸ್ ಆಮೇಲೆ. ಉಲ್ಟಾ ಮಾಡಿದ್ರೆ ವಿಂಡೋಸ್ ಬಂದು ಬೂಟ್ ಆರ್ಡರ್‌ನಲ್ಲಿ (ಯಾವುದು ಮೊದ್ಲು ಏಳ್ಬೇಕು ಅನ್ನೋ ಪಟ್ಟಿ) ತಾನೇ ಮೊದಲು ಕೂತ್ಕೊಳ್ಳತ್ತೆ, ಪಕ್ಕದಲ್ಲಿ ಇನ್ನೊಬ್ಬ ಇದಾನೆ ಅನ್ನೋದನ್ನೇ ಲೆಕ್ಕಕ್ಕೆ ಇಡಲ್ಲ. ಲಿನಕ್ಸ್ ಹಂಗಲ್ಲ, ವಿಂಡೋಸ್ ಇದ್ಯಾ ಅಂತ ಹುಡುಕಿ ಮೆನುವಿನಲ್ಲಿ ಜಾಗ ಕೊಡತ್ತೆ.

ಮಷೀನ್ ಜಾತಕ ನೋಡ್ಕೊಳ್ಳೋದು

ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ ತೆಗೀರಿ. ಅದ್ರಲ್ಲಿ ಬಯೋಸ್ ಮೋಡ್ ಅಂತ ಒಂದು ಸಾಲು ಇರತ್ತೆ, ಪಕ್ಕದಲ್ಲಿ ಯುಇಎಫ್ಐ ಅಂತಿದ್ಯೋ ಲೆಗಸಿ ಅಂತಿದ್ಯೋ ನೋಡಿ ಬರ್ಕೊಳ್ಳಿ. ಬಯೋಸ್ ಅಂದ್ರೆ ಮದರ್‌ಬೋರ್ಡ್‌ನಲ್ಲೇ ಇದ್ದು ವಿಂಡೋಸ್‌ಗೂ ಮುಂಚೆ ಏಳೋ ಪ್ರೋಗ್ರಾಂ, ಲೆಗಸಿ ಅದ್ರ ಹಳೇ ರೀತಿ, ಯುಇಎಫ್ಐ ಹೊಸದು. ವಿಂಡೋಸ್ ಯಾವ ಮೋಡ್‌ನಲ್ಲಿದ್ಯೋ ಲಿನಕ್ಸ್‌ನೂ ಅದೇ ಮೋಡ್‌ನಲ್ಲಿ ಹಾಕ್ಬೇಕು, ಒಂದು ಯುಇಎಫ್ಐ ಇನ್ನೊಂದು ಲೆಗಸಿ ಅಂತ ಆದ್ರೆ ಒಂದೇ ಮೆನುವಿನಿಂದ ಎರಡಕ್ಕೂ ಹೋಗೋಕಾಗಲ್ಲ, ಪ್ರತಿ ಸಲ ಬಯೋಸ್‌ಗೆ ಹೋಗಿ ಬದಲಾಯಿಸ್ತಾ ಕೂರ್ಬೇಕು. ಈಚಿನ ಎಲ್ಲಾ ಮಷೀನ್ ಯುಇಎಫ್ಐನೇ, ಮುಂದೆ ಹೇಳೋದೆಲ್ಲಾ ಅದಕ್ಕೇ. ಲೆಗಸಿ ಇದ್ರೆ ಡಿಸ್ಕ್ ಎಂಬಿಆರ್ ಅನ್ನೋ ಹಳೇ ಪದ್ಧತೀಲಿ ಭಾಗ ಆಗಿರತ್ತೆ, ಅದ್ರಲ್ಲಿ ಪ್ರೈಮರಿ ಪಾರ್ಟಿಶನ್ (ಡಿಸ್ಕ್‌ನ ಭಾಗ) ನಾಲ್ಕೇ ನಾಲ್ಕು, ಎಷ್ಟೋ ಸಲ ಕಂಪನಿಯವ್ರೇ ಆ ನಾಲ್ಕನ್ನೂ ಮುಗಿಸಿಟ್ಟಿರ್ತಾರೆ, ಅಲ್ಲಿಗೆ ಬೇರೆ ಕಥೆ.

ಅದೇ ಪುಟದಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಪ್ರೋಗ್ರಾಂಗಳನ್ನ ಬೂಟ್ ಆಗೋಕೆ ಬಿಡದ ಕಾವಲು) ಆನ್ ಇದ್ಯಾ ಆಫ್ ಇದ್ಯಾ ಅಂತಾನೂ ಇರತ್ತೆ. ಅದನ್ನೂ ಬರ್ಕೊಳ್ಳಿ. "ಲಿನಕ್ಸ್ ಹಾಕ್ಬೇಕಂದ್ರೆ ಸೆಕ್ಯೂರ್ ಬೂಟ್ ಆಫ್ ಮಾಡ್ಲೇಬೇಕು" ಅನ್ನೋದು ಹಳೇ ಮಾತು. ಉಬುಂಟು, ಮಿಂಟ್, ಫೆಡೋರಾ ಅನ್ನೋ ಲಿನಕ್ಸ್‌ನ ಬೇರೆ ಬೇರೆ ರೂಪಗಳೆಲ್ಲಾ ಮೈಕ್ರೋಸಾಫ್ಟ್ ಸಹಿ ಇರೋ ಶಿಮ್ ಅನ್ನೋ ಪುಟ್ಟ ಪ್ರೋಗ್ರಾಂ ಇಟ್ಕೊಂಡೇ ಬರ್ತವೆ, ಆನ್ ಇದ್ರೂ ಬೂಟ್ ಆಗತ್ತೆ.

ಬಿಟ್‌ಲಾಕರ್, ಇದನ್ನ ಮಾತ್ರ ಬಿಡ್ಬೇಡಿ

ಬಿಟ್‌ಲಾಕರ್ ಅಂದ್ರೆ ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗ, ಅಂದ್ರೆ ಎನ್‌ಕ್ರಿಪ್ಶನ್. "ನಾನು ಬಿಟ್‌ಲಾಕರ್ ಹಾಕೇ ಇಲ್ಲ" ಅಂತ ಈ ಭಾಗ ಹಾರ್ಸಿ ಹೋಗೋರು ದಯವಿಟ್ಟು ನಿಲ್ಲಿ. ನೀವು ಹಾಕಿಲ್ದೇ ಇರ್ಬೋದು, ಆದ್ರೆ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿರೋ ಹೊಸ ಮಷೀನ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಅನ್ನೋ ಹೆಸರಲ್ಲಿ ಅದು ತಾನಾಗೇ ಆನ್ ಆಗಿರತ್ತೆ, ಹೋಮ್ ಎಡಿಶನ್‌ನಲ್ಲೂ. ಅದ್ರ ಬೀಗದ ಕೈ ಟಿಪಿಎಂ ಚಿಪ್‌ನಲ್ಲಿರತ್ತೆ, ಬೂಟ್ ಆಗೋ ರೀತಿ ಸ್ವಲ್ಪ ಬದಲಾದ್ರೂ, ಸೆಕ್ಯೂರ್ ಬೂಟ್ ಆಫ್ ಮಾಡಿದ್ರೂ ಸರಿ, ಚಿಪ್‌ಗೆ ಅನುಮಾನ ಬಂದು ಬೀಗ ತೆಗೆಯಲ್ಲ. ಆಗ ಒಂದು ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೊಡು ಅನ್ನತ್ತೆ. ನನ್ನ ಫ್ರೆಂಡ್ ಒಬ್ಬ ರಾತ್ರಿ 11 ಗಂಟೆಗೆ ಫೋನ್ ಮಾಡಿ "ಲೋ, ಇದೇನೋ ನಂಬರ್ ಕೇಳ್ತಿದೆ" ಅಂದಾಗ ನಂಗೆ ಎದೆ ಧಸಕ್ ಅಂತು, ಯಾಕಂದ್ರೆ ಆ ಕೀ ಇಲ್ಲ ಅಂದ್ರೆ ಡೇಟಾ ಇಲ್ಲ ಅಂತಾನೇ ಅರ್ಥ, ಹಿಂಬಾಗಿಲು ಅಂತ ಯಾವುದೂ ಇಲ್ಲ. ಪುಣ್ಯಕ್ಕೆ ಅವನ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಕೀ ಸೇವ್ ಆಗಿತ್ತು, ಫೋನ್‌ನಲ್ಲಿ ನೋಡ್ತಾ ಆರಾರು ಅಂಕಿಯ ಎಂಟು ಗುಂಪನ್ನ ಒಂದೊಂದಾಗಿ ಟೈಪ್ ಮಾಡಿದ. ಏಳನೇ ಗುಂಪಲ್ಲಿ ಒಂದು ಅಂಕಿ ತಪ್ಪಾಗಿ ಮತ್ತೆ ಬೈಗುಳ.

ಮಾಡ್ಬೇಕಾಗಿರೋದು ಇಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಶನ್ ಇದ್ಯಾ ನೋಡಿ, ಪ್ರೊ ಎಡಿಶನ್ ಆದ್ರೆ ಕಂಟ್ರೋಲ್ ಪ್ಯಾನಲ್‌ನಲ್ಲಿ ಬಿಟ್‌ಲಾಕರ್ ನೋಡಿ. ಆನ್ ಇದ್ರೆ ರಿಕವರಿ ಕೀಯನ್ನ ಕಾಗದದ ಮೇಲೆ ಬರ್ಕೊಳ್ಳಿ ಇಲ್ಲಾ ಪ್ರಿಂಟ್ ತೆಗೀರಿ, ಅದೇ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ಮೇಲೆ ಫೈಲ್ ಮಾಡಿ ಇಟ್ರೆ ಬೀಗ ಹಾಕಿದ ಮನೆಯೊಳಗೇ ಕೀ ಬಿಟ್ಟಂಗೆ. ನನ್ನ ಸಲಹೆ ಅಂದ್ರೆ ಮೊದ್ಲ ಸಲ ಮಾಡೋರು ಎನ್‌ಕ್ರಿಪ್ಶನ್ ಪೂರ್ತಿ ಆಫ್ ಮಾಡ್ಬಿಡಿ, ಡೀಕ್ರಿಪ್ಟ್ ಆಗೋಕೆ ಟೈಮ್ ತಗೊಳ್ಳತ್ತೆ, ಚಾರ್ಜರ್ ಹಾಕಿಟ್ಟು ಬೇರೆ ಕೆಲಸ ನೋಡಿ. ಕೆಲವು ಇನ್‌ಸ್ಟಾಲರ್‌ಗಳು ಬಿಟ್‌ಲಾಕರ್ ಕಂಡ ತಕ್ಷಣ ಮುಂದಕ್ಕೇ ಹೋಗಲ್ಲ. ಎಲ್ಲಾ ಮುಗಿದ್ಮೇಲೆ ಬೇಕಾದ್ರೆ ಮತ್ತೆ ಆನ್ ಮಾಡ್ಕೊಳ್ಳಿ.

ಬ್ಯಾಕಪ್ ತಗೊಳ್ಳಿ ಅಂತ ಬೇರೆ ಹೇಳ್ಬೇಕಾ? ಹೇಳ್ತೀನಿ. ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ, ಹಾಕಿದ್ಮೇಲೆ ಎರಡು ಫೈಲ್ ತೆಗ್ದು ನೋಡಿ, ಆಮೇಲೆ ಕೇಬಲ್ ಕಿತ್ತು ಪಕ್ಕಕ್ಕಿಡಿ. ಯಾಕೆ ಕೀಳ್ಬೇಕು ಅನ್ನೋದು ಮುಂದೆ ಬರತ್ತೆ.

ಫಾಸ್ಟ್ ಸ್ಟಾರ್ಟಪ್ ಆಫ್

ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅನ್ನೋದು ನಿಜವಾದ ಶಟ್‌ಡೌನ್ ಅಲ್ಲ. ಕರ್ನಲ್‌ನ (ಓಎಸ್‌ನ ತಿರುಳು) ಸ್ಥಿತಿನ ಒಂದು ಫೈಲ್‌ಗೆ ಬರ್ದಿಟ್ಟು ಅರೆನಿದ್ರೆಗೆ ಹೋಗತ್ತೆ, ಮುಂದಿನ ಸಲ ಬೇಗ ಏಳೋಕೆ. ಈ ಸ್ಥಿತೀಲಿ ಸಿ ಡ್ರೈವ್ ಅರ್ಧ ತೆರೆದಿಟ್ಟ ಪುಸ್ತಕದ ತರ ಇರತ್ತೆ, ಲಿನಕ್ಸ್ ಬಂದು ಅದ್ರಲ್ಲಿ ಏನಾದ್ರೂ ಬರೆದ್ರೆ ವಿಂಡೋಸ್ ಎದ್ದಾಗ ತನ್ನ ನೆನಪಿಗೂ ಡಿಸ್ಕ್‌ಗೂ ತಾಳೆ ಆಗಲ್ಲ, ಫೈಲ್ ಸಿಸ್ಟಮ್ ಕೆಡತ್ತೆ. ಆ ಭಯಕ್ಕೇ ಲಿನಕ್ಸ್ ಆ ಡ್ರೈವ್‌ನ ಬರಿ ಓದೋಕೆ ಮಾತ್ರ ತೆರೆಯತ್ತೆ ಇಲ್ಲಾ ತೆರೆಯೋದೇ ಇಲ್ಲ.

ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, ಎಡಗಡೆ "ಚೂಸ್ ವಾಟ್ ದ ಪವರ್ ಬಟನ್ಸ್ ಡು", ಅದ್ರಲ್ಲಿ ಮೇಲ್ಗಡೆ ನೀಲಿ ಅಕ್ಷರದ ಲಿಂಕ್ ಒತ್ತಿದ್ರೆ ಕೆಳಗೆ ಮಂಕಾಗಿದ್ದ ಟಿಕ್‌ಗಳಿಗೆ ಜೀವ ಬರತ್ತೆ, ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗ್ದು ಸೇವ್ ಮಾಡಿ. ಎಸ್‌ಎಸ್‌ಡಿ ಇದ್ರೆ ಸ್ಪೀಡ್‌ನಲ್ಲಿ ವ್ಯತ್ಯಾಸನೇ ಗೊತ್ತಾಗಲ್ಲ.

ಜಾಗ ಬಿಡಿಸ್ಕೊಳ್ಳೋದು

ಸಿ ಡ್ರೈವ್ ಚಿಕ್ಕದು ಮಾಡೋ ಕೆಲಸನ ವಿಂಡೋಸ್ ಕೈಯಲ್ಲೇ ಮಾಡ್ಸಿ. ಲಿನಕ್ಸ್ ಇನ್‌ಸ್ಟಾಲರ್‌ಗೂ ಅದು ಬರತ್ತೆ, ಆದ್ರೆ ವಿಂಡೋಸ್‌ಗೆ ತನ್ನ ಮನೆ ವಿಷಯ ಚೆನ್ನಾಗಿ ಗೊತ್ತು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಅಲ್ಲಿ ಅಡ್ಡಪಟ್ಟಿ ತರ ನಿಮ್ಮ ಡಿಸ್ಕ್ ಕಾಣತ್ತೆ: ಶುರುವಲ್ಲಿ 100 ಎಂಬಿ ಆಸುಪಾಸಿನ ಇಎಫ್ಐ ಪಾರ್ಟಿಶನ್ (ಬೂಟ್ ಫೈಲ್‌ಗಳು ಇರೋ ಜಾಗ), ಆಮೇಲೆ ದೊಡ್ಡ ಸಿ, ಕೊನೇಲಿ ರಿಕವರಿ. ಮುಂದೆ ಹೋಗೋಕೆ ಮುಂಚೆ ಈ ಸ್ಕ್ರೀನ್‌ನ ಫೋನ್‌ನಲ್ಲಿ ಒಂದು ಫೋಟೋ ಹೊಡ್ಕೊಳ್ಳಿ. ಇನ್‌ಸ್ಟಾಲರ್‌ನಲ್ಲಿ ಸಿ ಡಿ ಅನ್ನೋ ಹೆಸರು ಯಾವುದೂ ಇರಲ್ಲ, ಬರೀ ಸೈಜ್ ನೋಡಿ ಗುರುತು ಹಿಡೀಬೇಕು, ಆಗ ಈ ಫೋಟೋನೇ ಗತಿ.

ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ಬೇಕು ಅಂತ ಎಂಬಿ ಲೆಕ್ಕದಲ್ಲಿ ಕೇಳತ್ತೆ. 100 ಜಿಬಿ ಬೇಕಂದ್ರೆ 102400 ಅಂತ ಹಾಕಿ. ಇದೇ ಜಾಗ ಕೆಲವು ಲಿನಕ್ಸ್ ಇನ್‌ಸ್ಟಾಲರ್‌ಗಳಲ್ಲಿ 107 ಜಿಬಿ ಅಂತ ಕಾಣತ್ತೆ, ಒಬ್ಬರು 1024ರ ಲೆಕ್ಕ ಇನ್ನೊಬ್ಬರು 1000ದ ಲೆಕ್ಕ ಅಷ್ಟೇ, ಗಾಬರಿ ಬೇಡ. ಉಬುಂಟು ತರದ್ದಕ್ಕೆ 25 ಜಿಬಿ ಸಾಕು ಅಂತಾರೆ, ಆದ್ರೆ ನಾಲ್ಕು ಸಾಫ್ಟ್‌ವೇರ್ ಹಾಕೋ ಹೊತ್ತಿಗೆ ಇಕ್ಕಟ್ಟಾಗತ್ತೆ, 60ಕ್ಕಿಂತ ಕಮ್ಮಿ ಕೊಡ್ಬೇಡಿ. ಬಂದ ಖಾಲಿ ಜಾಗನ ಅನ್‌ಅಲೊಕೇಟೆಡ್ ಅಂತಾನೇ ಬಿಡಿ, ಅದಕ್ಕೆ ಡ್ರೈವ್ ಲೆಟರ್ ಕೊಡೋದು, ಫಾರ್ಮ್ಯಾಟ್ ಮಾಡೋದು ಎಲ್ಲಾ ಬೇಡ.

ಇಲ್ಲೊಂದು ತಕರಾರು ಬರತ್ತೆ. ಡ್ರೈವ್‌ನಲ್ಲಿ 200 ಜಿಬಿ ಖಾಲಿ ಇರತ್ತೆ, ಶ್ರಿಂಕ್ ಮಾತ್ರ 15 ಜಿಬಿ ಕೊಡ್ತೀನಿ ಅನ್ನತ್ತೆ. ಕಾರಣ ಏನಂದ್ರೆ ಪೇಜ್ ಫೈಲ್, ಹೈಬರ್ನೇಶನ್ ಫೈಲ್, ರಿಸ್ಟೋರ್ ಪಾಯಿಂಟ್ ಇವೆಲ್ಲಾ ಅಲ್ಲಾಡಿಸೋಕಾಗದ ಫೈಲ್‌ಗಳು, ಡಿಸ್ಕ್ ನಡುವೆ ಎಲ್ಲೋ ಒಂದು ಕೂತ್ಕೊಂಡಿರತ್ತೆ, ಅದ್ರಿಂದ ಆಚೆಗೆ ಮಾತ್ರ ಕತ್ತರಿಸೋಕಾಗೋದು. ಹೈಬರ್ನೇಶನ್ ಆಫ್, ಸಿಸ್ಟಮ್ ಪ್ರೊಟೆಕ್ಷನ್ ಆಫ್, ಪೇಜ್ ಫೈಲ್ ಇಲ್ಲ ಅಂತ ಮಾಡಿ ರೀಸ್ಟಾರ್ಟ್ ಕೊಟ್ಟು ಮತ್ತೆ ಶ್ರಿಂಕ್ ಮಾಡಿ, ಸಾಮಾನ್ಯವಾಗಿ ಬಗ್ಗತ್ತೆ. ಆದ್ಮೇಲೆ ಪೇಜ್ ಫೈಲ್ ವಾಪಸ್ ಆನ್ ಮಾಡೋದು ಮರೀಬೇಡಿ.

ಪೆನ್‌ಡ್ರೈವ್

ಮೊದಲ ಸಲದವ್ರಿಗೆ ಮಿಂಟ್ ಇಲ್ಲಾ ಉಬುಂಟು. ವಿಂಡೋಸ್ ಅಭ್ಯಾಸ ಇರೋ ಕಣ್ಣಿಗೆ ಮಿಂಟ್ ಬೇಗ ಹೊಂದತ್ತೆ. ಉಬುಂಟು ಆದ್ರೆ ಎಲ್‌ಟಿಎಸ್ (ಹೆಚ್ಚು ಕಾಲ ಅಪ್‌ಡೇಟ್ ಬರೋ ಆವೃತ್ತಿ) ತಗೊಳ್ಳಿ, 24.04 ಅನ್ನೋದು 2024 ಏಪ್ರಿಲ್‌ನಲ್ಲಿ ಬಂದಿದ್ದು, ಐದು ವರ್ಷ ಅಪ್‌ಡೇಟ್ ಇದೆ. ಪಾಪ್ ಓಎಸ್ ಹಾಕ್ಬೇಕು ಅಂತಿರೋರು ಗಮನಿಸಿ, ಅದು ಕರ್ನಲ್‌ನ ಇಎಫ್ಐ ಪಾರ್ಟಿಶನ್ ಒಳಗೇ ಇಡತ್ತೆ, ವಿಂಡೋಸ್ ಮಾಡಿಟ್ಟಿರೋ 100 ಎಂಬಿ ಅದಕ್ಕೆ ಸಾಲಲ್ಲ.

ಐಎಸ್ಒ ಫೈಲ್‌ನ (ಇನ್‌ಸ್ಟಾಲ್‌ಗೆ ಬೇಕಾದ್ದೆಲ್ಲಾ ಒಳಗಿರೋ ಫೈಲ್) ಆಯಾ ಲಿನಕ್ಸ್‌ನವ್ರ ಸ್ವಂತ ಸೈಟ್‌ನಿಂದಾನೇ ಇಳಿಸ್ಕೊಳ್ಳಿ, ಅಲ್ಲೇ ಕೊಟ್ಟಿರೋ ಎಸ್‌ಎಚ್‌ಎ256 ಚೆಕ್‌ಸಮ್ (ಫೈಲ್‌ನ ಬೆರಳಚ್ಚು ಇದ್ದಂಗೆ) ತಾಳೆ ನೋಡಿ, 7-ಜಿಪ್ ಇದ್ರೆ ರೈಟ್ ಕ್ಲಿಕ್‌ನಲ್ಲೇ ಸಿಗತ್ತೆ. ಅರ್ಧಂಬರ್ಧ ಡೌನ್‌ಲೋಡ್ ಆದ ಫೈಲ್ ಇನ್‌ಸ್ಟಾಲ್ ಮಧ್ಯದಲ್ಲಿ ಕೈ ಕೊಟ್ರೆ ಕಾರಣ ಹುಡುಕೋದು ತಲೆನೋವು. 8 ಜಿಬಿ ಇಲ್ಲಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಹಾಕಿ ರೂಫಸ್ ಅನ್ನೋ ಪ್ರೋಗ್ರಾಂ ತೆಗೆದು, ಇಳಿಸ್ಕೊಂಡ ಐಎಸ್ಒ ಆರಿಸಿ, ಪಾರ್ಟಿಶನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್ಐ ಅಂತ ಆರಿಸಿ ಸ್ಟಾರ್ಟ್ ಒತ್ತಿ. ಪೆನ್‌ಡ್ರೈವ್‌ನಲ್ಲಿ ಇದ್ದಿದ್ದೆಲ್ಲಾ ಹೋಗತ್ತೆ.

ಬೂಟ್ ಮಾಡಿ, ಆದ್ರೆ ಇನ್‌ಸ್ಟಾಲ್ ಈಗ್ಲೇ ಬೇಡ

ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ಬೇಕು, ಡೆಲ್, ಲೆನೊವೊ ಆದ್ರೆ ಎಫ್ 12, ಎಚ್‌ಪಿ ಆದ್ರೆ ಎಫ್ 9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಟೈಮಿಂಗ್ ಸಿಗ್ತಿಲ್ಲ ಅಂದ್ರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡ್ಕೊಂಡು ರೀಸ್ಟಾರ್ಟ್ ಒತ್ತಿ, ಬರೋ ನೀಲಿ ಪುಟದಲ್ಲಿ ಯೂಸ್ ಎ ಡಿವೈಸ್ ಅಂತ ಇರತ್ತೆ, ಅಲ್ಲಿಂದ ಪೆನ್‌ಡ್ರೈವ್ ಆರಿಸಿ.

ಲೈವ್ ಡೆಸ್ಕ್‌ಟಾಪ್ (ಇನ್‌ಸ್ಟಾಲ್ ಆಗ್ದೇ ಪೆನ್‌ಡ್ರೈವ್‌ನಿಂದಾನೇ ಓಡೋ ಲಿನಕ್ಸ್) ಬಂದ್ಮೇಲೆ ಅರ್ಧ ಗಂಟೆ ಓಡಾಡಿ. ವೈಫೈ ಹಿಡೀತಾ, ಸೌಂಡ್ ಬರ್ತಾ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ, ಲಿಡ್ ಮುಚ್ಚಿ ತೆಗೆದ್ರೆ ಏಳತ್ತಾ. ಇಲ್ಲಿ ವೈಫೈ ಬರ್ಲಿಲ್ಲ ಅಂದ್ರೆ ಇನ್‌ಸ್ಟಾಲ್ ಆದ್ಮೇಲೂ ತಾನಾಗೇ ಬರೋದು ಅನುಮಾನ, ಫೋನ್‌ನ ಯುಎಸ್‌ಬಿ ಟೆದರಿಂಗ್ ರೆಡಿ ಇಟ್ಕೊಳ್ಳಿ.

ಇನ್‌ಸ್ಟಾಲರ್‌ಗೆ ನಿಮ್ಮ ಡಿಸ್ಕೇ ಕಾಣಿಸ್ತಿಲ್ವಾ? ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಇಲ್ಲಾ ರೈಡ್ ಮೋಡ್ ಆನ್ ಇರತ್ತೆ, ಅದನ್ನ ಎಎಚ್‌ಸಿಐಗೆ ಬದಲಾಯಿಸ್ಬೇಕು. ನೇರವಾಗಿ ಬದಲಾಯಿಸಿದ್ರೆ ಈ ಕಡೆ ವಿಂಡೋಸ್ ಎದ್ದೇಳಲ್ಲ! ಮೊದ್ಲು ವಿಂಡೋಸ್‌ನಲ್ಲಿ ಸಿಸ್ಟಮ್ ಕಾನ್ಫಿಗರೇಶನ್ ತೆಗ್ದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಹಾಕಿ, ರೀಸ್ಟಾರ್ಟ್ ಆಗೋವಾಗ ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ವಿಂಡೋಸ್ ಒಂದ್ಸಲ ಎದ್ದು ಸರಿಯಾದ ಡ್ರೈವರ್ ಹಾಕ್ಕೊಳ್ಳತ್ತೆ, ಆಮೇಲೆ ಟಿಕ್ ತೆಗೀರಿ.

ಆ ಒಂದು ಸ್ಕ್ರೀನ್

ಭಾಷೆ, ಕೀಬೋರ್ಡ್ ಎಲ್ಲಾ ದಾಟಿ ಡಿಸ್ಕ್ ಕೇಳೋ ಪುಟಕ್ಕೆ ಬಂದಾಗ ಮೌಸ್ ಬಿಟ್ಟು ಒಂದ್ನಿಮಿಷ ಸುಮ್ನೆ ಓದಿ. ಅಲ್ಲಿ ಮೂರು ಆಯ್ಕೆ ಇರತ್ತೆ. "ಅಲಾಂಗ್‌ಸೈಡ್ ವಿಂಡೋಸ್" ಅನ್ನೋದು ಪಕ್ಕದಲ್ಲಿ ಹಾಕೋದು. "ಇರೇಸ್ ಡಿಸ್ಕ್" ಅನ್ನೋದು ವಿಂಡೋಸ್ ಸಮೇತ ಗುಡಿಸಿ ಹಾಕೋದು. ಮೂರನೇದು "ಮ್ಯಾನ್ಯುವಲ್" ಇಲ್ಲಾ "ಸಮ್‌ಥಿಂಗ್ ಎಲ್ಸ್". ನಾನು ಒಂದ್ಸಲ ಒಂದೇ ಸೈಜಿನ ಎರಡು ಡಿಸ್ಕ್ ಇದ್ದ ಮಷೀನ್‌ನಲ್ಲಿ, ಎರಡೂ ಇಷ್ಟಿಷ್ಟೇ ಇದೆ ಇದೇ ಇರ್ಬೇಕು ಬಿಡು ಅಂತ ಇರೇಸ್ ಕೊಟ್ಟು, ಫೋಟೋ ಇಟ್ಟಿದ್ದ ಬ್ಯಾಕಪ್ ಡಿಸ್ಕ್‌ನೇ ಒರೆಸಿ ಹಾಕಿದ್ದೆ. ಕೇಬಲ್ ಕೀಳಿ ಅಂದಿದ್ದು ಅದಕ್ಕೇ.

ಅಲಾಂಗ್‌ಸೈಡ್ ಸಾಕು ಅನ್ನೋರಿಗೆ ಅದೇ ಸಾಕು, ನೀವು ಬಿಟ್ಟಿರೋ ಖಾಲಿ ಜಾಗಕ್ಕೇ ಹೋಗ್ತಿದ್ಯಾ ಅಂತ ಕೊನೇ ಪುಟದಲ್ಲಿ ಓದಿ ನೋಡಿ. ನಂಗೆ ಮ್ಯಾನ್ಯುವಲ್ಲೇ ಸಮಾಧಾನ, ಏನು ಎಲ್ಲಿ ಹೋಗತ್ತೆ ಅಂತ ಕಣ್ಣಿಗೆ ಕಾಣತ್ತೆ:

1. ಡಿಸ್ಕ್ ಹೆಸರು ನೋಡಿ. ಎನ್‌ವಿಎಂಇ ಅಂತ ಶುರುವಾಗೋದು ಒಳಗಿನ ಎಸ್‌ಎಸ್‌ಡಿ, ಎಸ್‌ಡಿಎ ಎಸ್‌ಡಿಬಿ ಅಂತಿರೋದು ಸಾಟಾ ಡಿಸ್ಕ್ ಆಗಿರ್ಬೋದು, ನಿಮ್ಮ ಪೆನ್‌ಡ್ರೈವೂ ಆಗಿರ್ಬೋದು. ಫೋಟೋ ಜೊತೆ ಸೈಜ್ ತಾಳೆ ಹಾಕಿ.

2. ಫ್ರೀ ಸ್ಪೇಸ್ ಅಂತಿರೋದನ್ನ ಆರಿಸಿ ಹೊಸ ಪಾರ್ಟಿಶನ್, ಫೈಲ್ ಸಿಸ್ಟಮ್ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ (ಲಿನಕ್ಸ್ ಒಳಗೆ ಆ ಪಾರ್ಟಿಶನ್ ಕಾಣೋ ಜಾಗ) ರೂಟ್, ಅಂದ್ರೆ ಬರಿ ಒಂದು ಓರೆಗೆರೆ (/). ಪೂರ್ತಿ ಜಾಗ ಇದಕ್ಕೇ ಕೊಡಿ. ಹೋಮ್‌ಗೆ (ನಿಮ್ಮ ಸ್ವಂತ ಫೈಲ್‌ಗಳು ಇರೋ ಫೋಲ್ಡರ್) ಬೇರೆ ಪಾರ್ಟಿಶನ್ ಮಾಡೋದು ಒಳ್ಳೇದು ಅಂತ ಹೇಳೋರಿದಾರೆ, 100 ಜಿಬಿಲಿ ಅದನ್ನ ಮಾಡಿದ್ರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಹೊಡೀತಿರತ್ತೆ. ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಪಾರ್ಟಿಶನ್ನೂ ಬೇಕಿಲ್ಲ, ಉಬುಂಟು 17.04ರಿಂದ ಸ್ವಾಪ್ ಫೈಲ್ ತಾನೇ ಮಾಡ್ಕೊಳ್ಳತ್ತೆ.

3. ಇರೋ ಇಎಫ್ಐ ಪಾರ್ಟಿಶನ್‌ನೇ ಲಿನಕ್ಸ್‌ಗೂ ಬಳಸ್ಬೇಕು, ಅದ್ರ ಮೌಂಟ್ ಪಾಯಿಂಟ್ ಬೂಟ್ ಒಳಗಿನ ಇಎಫ್ಐ (/boot/efi). ಅದ್ರ ಮುಂದೆ ಫಾರ್ಮ್ಯಾಟ್ ಅನ್ನೋ ಟಿಕ್ ಇದ್ರೆ ಅದು ಖಾಲಿ ಇರ್ಲೇಬೇಕು. ಆ ಟಿಕ್ ಬಿದ್ರೆ ವಿಂಡೋಸ್‌ನ ಬೂಟ್ ಫೈಲ್‌ಗಳೆಲ್ಲಾ ಮಾಯ.

ಎರಡು ಡಿಸ್ಕ್ ಇರೋರು ಲಿನಕ್ಸ್‌ನ ಎರಡನೇದಕ್ಕೆ ಹಾಕೋದು ಎಲ್ಲಕ್ಕಿಂತ ನೆಮ್ಮದಿ, ಆದ್ರೂ ಬೂಟ್‌ಲೋಡರ್ (ಓಎಸ್‌ನ ಎಬ್ಬಿಸೋ ಪ್ರೋಗ್ರಾಂ) ಕೆಲವೊಮ್ಮೆ ಮೊದಲನೇ ಡಿಸ್ಕ್‌ನ ಇಎಫ್ಐಗೇ ಹೋಗಿ ಕೂರತ್ತೆ. ಡೆಸ್ಕ್‌ಟಾಪ್ ಆದ್ರೆ ಇನ್‌ಸ್ಟಾಲ್ ಮುಗಿಯೋವರ್ಗೂ ವಿಂಡೋಸ್ ಡಿಸ್ಕ್‌ನ ಬಿಚ್ಚಿಡಿ, ವಾದನೇ ಇಲ್ಲ.

ಎನ್‌ವಿಡಿಯಾ ಕಾರ್ಡ್ ಇದ್ದು ಸೆಕ್ಯೂರ್ ಬೂಟ್ ಆನ್ ಇದ್ರೆ ಇನ್‌ಸ್ಟಾಲ್ ಮಾಡೋವಾಗ್ಲೋ ಡ್ರೈವರ್ ಹಾಕೋವಾಗ್ಲೋ ಒಂದು ಪಾಸ್‌ವರ್ಡ್ ಇಡು ಅನ್ನತ್ತೆ. ಮುಂದಿನ ಬೂಟ್‌ನಲ್ಲಿ ಒಂದು ನೀಲಿ ಪುಟ ಬರತ್ತೆ, ಹತ್ತೇ ಸೆಕೆಂಡ್ ಕಾಯೋದು. ಆ ಹತ್ತು ಸೆಕೆಂಡ್‌ನಲ್ಲಿ ಯಾವುದಾದ್ರೂ ಕೀ ಒತ್ತಿ, ಎನ್‌ರೋಲ್ ಎಂಓಕೆ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಚಾ ಮಾಡೋಕೆ ಎದ್ದು ಹೋಗಿದ್ರೆ ಪುಟ ಹೋಗ್ಬಿಡತ್ತೆ, ಡ್ರೈವರ್ ಲೋಡ್ ಆಗಲ್ಲ, ಯಾಕೆ ಅಂತಾನೂ ಗೊತ್ತಾಗಲ್ಲ.

ಆದ್ಮೇಲೆ ಬರೋ ಕಿರಿಕಿರಿಗಳು

ರೀಸ್ಟಾರ್ಟ್ ಆದ್ಮೇಲೆ ಗ್ರಬ್ ಮೆನು, ಅಂದ್ರೆ ಲಿನಕ್ಸ್ ಬೇಕಾ ವಿಂಡೋಸ್ ಬೇಕಾ ಅಂತ ಕೇಳೋ ಬೂಟ್‌ಲೋಡರ್ ಪಟ್ಟಿ ಬರ್ಬೇಕು. ಬರದೆ ನೇರ ವಿಂಡೋಸ್‌ಗೇ ಹೋದ್ರೆ ಮತ್ತೆ ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ, ಬಯೋಸ್‌ನಲ್ಲಿ ಬೂಟ್ ಆರ್ಡರ್ ನೋಡಿ, ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಿರತ್ತೆ, ಉಬುಂಟು ಅನ್ನೋದನ್ನ ಅದಕ್ಕಿಂತ ಮೇಲೆ ತನ್ನಿ. ಉಲ್ಟಾ, ಗ್ರಬ್ ಬರತ್ತೆ ವಿಂಡೋಸ್ ಹೆಸರೇ ಇಲ್ಲ ಅಂದ್ರೆ, 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕೋ ಓಎಸ್ ಪ್ರೋಬರ್ ಡೀಫಾಲ್ಟಾಗಿ ಆಫ್. ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಡಿಸೇಬಲ್ ಓಎಸ್ ಪ್ರೋಬರ್ (GRUB_DISABLE_OS_PROBER) ಅನ್ನೋ ಸಾಲನ್ನ ಫಾಲ್ಸ್ (false) ಮಾಡಿ, ಅಪ್‌ಡೇಟ್ ಗ್ರಬ್ (update-grub) ಕಮಾಂಡ್ ಕೊಟ್ರೆ ಬರತ್ತೆ.

ಗಡಿಯಾರದ್ದು ಎಲ್ಲರಿಗೂ ಆಗೋದೇ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದ್ರೆ ಟೈಮ್ ಗಂಟೆಗಟ್ಲೆ ಆಚೀಚೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಇರೋದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂತ ಲಿನಕ್ಸ್ ನಂಬಿರತ್ತೆ, ಸ್ಥಳೀಯ ಸಮಯ ಅಂತ ವಿಂಡೋಸ್ ನಂಬಿರತ್ತೆ, ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾ ಇರ್ತಾರೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 (timedatectl set-local-rtc 1) ಅಂತ ಕೊಟ್ರೆ ಲಿನಕ್ಸ್ ತಗ್ಗಿ ನಡ್ಯತ್ತೆ, ಜಗಳ ಮುಗೀತು.

ಬ್ಲೂಟೂತ್ ಹೆಡ್‌ಫೋನ್ ಒಂದ್ರಲ್ಲಿ ಪೇರ್ ಮಾಡಿದ್ರೆ ಇನ್ನೊಂದ್ರಲ್ಲಿ ಬಿಟ್ಟೋಗತ್ತೆ. ಹೆಡ್‌ಫೋನ್ ಕಣ್ಣಿಗೆ ಇದು ಒಂದೇ ಮಷೀನ್, ಆದ್ರೆ ಎರಡು ಓಎಸ್ ಹತ್ರ ಎರಡು ಬೇರೆ ಬೇರೆ ಕೀ. ವಿಂಡೋಸ್‌ನ ಕೀ ತೆಗ್ದು ಲಿನಕ್ಸ್‌ಗೆ ಹಾಕೋ ದಾರಿ ಇದೆ, ನಾನಂತೂ ವೈರ್ ಇರೋದು ತಗೊಂಡೆ.

ಎರಡೂ ಕಡೆ ಬೇಕಾಗೋ ಫೈಲ್‌ಗಳಿಗೆ ಬೇರೆ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸೋ ಫೈಲ್ ಸಿಸ್ಟಮ್) ಪಾರ್ಟಿಶನ್ ಮಾಡ್ಕೊಳ್ಳಿ, ಲಿನಕ್ಸ್ ಅದನ್ನ ಚೆನ್ನಾಗೇ ಓದಿ ಬರೆಯತ್ತೆ. ಸಿ ಡ್ರೈವ್ ಒಳಗೆ ಮಾತ್ರ ಲಿನಕ್ಸ್‌ನಿಂದ ಏನೂ ಬರೀಬೇಡಿ.

ಅಪ್‌ಡೇಟ್‌ಗಳಿಂದ ಆಗಾಗ ಏಟು ಬೀಳೋದುಂಟು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದು ಹಳೇ ಶಿಮ್‌ಗಳನ್ನ ಒಪ್ಪಲ್ಲ ಅಂತ ಸೆಕ್ಯೂರ್ ಬೂಟ್‌ಗೆ ಹೇಳಿ, ಸುಮಾರು ಡ್ಯುಯಲ್ ಬೂಟ್ ಮಷೀನ್‌ಗಳಲ್ಲಿ ಲಿನಕ್ಸ್ ಏಳ್ದಂಗೆ ಆಗಿತ್ತು. ಆ ತರ ಆದಾಗ ಸೆಕ್ಯೂರ್ ಬೂಟ್ ತಾತ್ಕಾಲಿಕ ಆಫ್ ಮಾಡಿ ಒಳಗೆ ಹೋಗಿ ಲಿನಕ್ಸ್ ಅಪ್‌ಡೇಟ್ ಮಾಡೋದು. ಬಿಟ್‌ಲಾಕರ್ ಆನ್ ಇದ್ರೆ ಅದ್ರ ಈಗಿನ ಕೀ ಬರ್ದಿಟ್ಟ ಕಾಗದ ಆಗ್ಲೂ ಬೇಕಾಗತ್ತೆ, ಎಸೀಬೇಡಿ. ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನೂ ಹಂಗೇ ಇಟ್ಕೊಳ್ಳಿ, ಗ್ರಬ್ ಕೆಟ್ರೆ ಅದ್ರಿಂದ ಬೂಟ್ ಮಾಡಿ ಬೂಟ್ ರಿಪೇರ್ ಅನ್ನೋ ಪ್ರೋಗ್ರಾಂ ಓಡ್ಸಿದ್ರೆ ಬಹಳಷ್ಟು ಸಲ ಸರಿ ಹೋಗತ್ತೆ.

ಬೇಡ ಅನ್ಸಿದ್ರೆ

ಲಿನಕ್ಸ್ ಹಿಡಿಸ್ಲಿಲ್ಲ ಅಂತ ನೇರ ಪಾರ್ಟಿಶನ್ ಡಿಲೀಟ್ ಮಾಡಿದ್ರೆ ಮುಂದಿನ ಬೂಟ್‌ನಲ್ಲಿ ಕಪ್ಪು ಪರದೆ ಮೇಲೆ ಗ್ರಬ್ ಅನ್ನೋ ಪದ ಬಿಟ್ರೆ ಬೇರೇನೂ ಇರಲ್ಲ. ಮೊದ್ಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್‌ನ ಮೇಲಕ್ಕೆ ತನ್ನಿ, ವಿಂಡೋಸ್ ಸರಿಯಾಗಿ ಏಳತ್ತಾ ಅಂತ ನೋಡಿ, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಪಾರ್ಟಿಶನ್ ಡಿಲೀಟ್ ಮಾಡಿ. ಇಎಫ್ಐ ಒಳಗೆ ಉಬುಂಟು ಅನ್ನೋ ಫೋಲ್ಡರ್ ಉಳಿಯತ್ತೆ, ಇದ್ರೆ ತೊಂದ್ರೆ ಏನಿಲ್ಲ. ಖಾಲಿಯಾದ ಜಾಗ ಸಿ ಡ್ರೈವ್‌ಗೆ ತಾಗಿಕೊಂಡೇ ಬಲಗಡೆ ಇದ್ರೆ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟು ವಾಪಸ್ ಸೇರಿಸ್ಕೊಳ್ಳಿ, ನಡುವೆ ರಿಕವರಿ ಪಾರ್ಟಿಶನ್ ಕೂತಿದ್ರೆ ಆ ಆಯ್ಕೆ ಮಂಕಾಗಿರತ್ತೆ, ಆಗ ಅದನ್ನ ಇನ್ನೊಂದು ಡ್ರೈವ್ ಮಾಡ್ಕೊಂಡು ಸಿನಿಮಾ ತುಂಬಿಸ್ಕೊಳ್ಳೋದೇ ಸುಲಭ.